ಹೊರಗೆ ಹೊಳಪು, ಒಳಗೆ ಬಿರುಕು

ಆಟದ ರೈಲಿಗೂ ವಯಸ್ಸಾಗುತ್ತೆ, ಕಾಯಿಲೆ ಬರುತ್ತೆ ಅಂದ್ರೆ ನಂಬ್ತೀರಾ? ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲು ತಂದಿತು. 1938ರಲ್ಲಿ ಇನ್ನೂ ಚಿಕ್ಕ ಅಳತೆಯ ‘ಹಾರ್ನ್‌ಬಿ ಡಬ್ಲೋ’ ಬಂತು. ಆ ಹಳೇ ರೈಲುಗಳು ಇವತ್ತು ಆನ್‌ಲೈನ್ ಹರಾಜಿನಲ್ಲಿ ಸಿಗ್ತವೆ.

‘ಓಡ್ತಿಲ್ಲ, ಸಣ್ಣ ರಿಪೇರಿ ಅಷ್ಟೇ’ ಅಂತ ಮಾರುವವರು ಬರೀತಾರೆ. ಇದು ಅರ್ಧ ನಿಜ. ಗಟ್ಟಿಯಾದ ಗ್ರೀಸ್ ತೊಳೆಯಬಹುದು, ಸವೆದ ಕಾರ್ಬನ್ ಬ್ರಷ್ ಬದಲಿಸಬಹುದು, ಮೋಟರಿನ ಆಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬಬಹುದು. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಬಿಡಿಭಾಗಗಳು ಸತುವಿನ ಮಿಶ್ರಲೋಹದ ಎರಕ. ಅದರಲ್ಲಿ ಚೂರು ಸೀಸ ಬೆರೆತಿದ್ದರೂ ಸಾಕು, ವರ್ಷ ಕಳೆದಂತೆ ಲೋಹ ಒಳಗೊಳಗೇ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ, ಆ ಭಾಗವನ್ನೇ ಬದಲಿಸಬೇಕು.

ನಾನು ಹೇಳೋದಿಷ್ಟೇ. ದುಡ್ಡು ಕಳಿಸೋ ಮುಂಚೆ ಚಕ್ರದ್ದು, ತಳಭಾಗದ್ದು ಹತ್ತಿರದಿಂದ ತೆಗೆದ ಫೋಟೋ ಕೇಳಿ. ಬಾಗಿದ ಚಾಸಿ, ಕೂದಲೆಳೆ ಬಿರುಕು ಕಂಡರೆ ಕೈಬಿಡಿ. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಸಂಗ್ರಾಹಕರು ಮಾಸಿದ ಮೂಲ ಬಣ್ಣಕ್ಕೇ ಹೆಚ್ಚು ಬೆಲೆ ಕೊಡ್ತಾರೆ. ಫೋಟೋ ಕೊಡಲ್ಲ ಅಂದ್ರೆ ಆ ವ್ಯಾಪಾರವೇ ಬೇಡ.