ದ್ವಿಮುಖ ರೇಡಿಯೋವಿನಲ್ಲಿ ಪಥಸಂಕೋಚ

ಆಕಾಶವು ಅಪಾರವಾದರೂ ರೇಡಿಯೋ ಸಂಭಾಷಣೆಗೆ ಯೋಗ್ಯವಾದ ಎಡೆಯು ಪರಿಮಿತವಾದುದು. ಬೇಡುವವರು ಹೆಚ್ಚಿದಂತೆ ಒಬ್ಬೊಬ್ಬರ ಪಾಲನ್ನು ಕಿರಿದುಗೊಳಿಸದೆ ಗತ್ಯಂತರವಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ನಿಯಾಮಕ ಸಂಸ್ಥೆಯು, ಪೋಲೀಸರು, ಅಗ್ನಿಶಾಮಕರು, ವರ್ತಕರು ಮೊದಲಾದವರು 150ರಿಂದ 174 ಹಾಗೂ 421ರಿಂದ 470 ಮೆಗಾಹರ್ಟ್ಸ್ ಶ್ರೇಣಿಗಳಲ್ಲಿ ಬಳಸುತ್ತಿದ್ದ 25 ಕಿಲೋಹರ್ಟ್ಸ್ ಅಗಲದ ಚಾನೆಲುಗಳನ್ನು 12.5ಕ್ಕೆ, ಅಥವಾ ತತ್ಸಮಾನವಾದ ಮಿತಬಳಕೆಗೆ, ಇಳಿಸಬೇಕೆಂದು ವಿಧಿಸಿ, 2013ನೆಯ ಜನವರಿ 1ನೆಯ ತಾರೀಖನ್ನು ಗಡುವಾಗಿ ಗೊತ್ತುಮಾಡಿತು.

ಒಂದೊಂದು ಯಂತ್ರವನ್ನು ಅನುಕೂಲವಾದಾಗ ಬದಲಿಸಿದರೆ ಸಾಲದೇ ಎಂಬ ಶಂಕೆ ಹುಟ್ಟಬಹುದು. ಸಾಲದು. ಧ್ವನಿಯನ್ನು ಹೊತ್ತ ತರಂಗದ ಆವೃತ್ತಿಯು ತನ್ನ ಮಧ್ಯಸ್ಥಾನದಿಂದ ಅಗಲವಾದ ಚಾನೆಲಿನಲ್ಲಿ 5 ಕಿಲೋಹರ್ಟ್ಸಿನವರೆಗೆ ತೂಗಾಡಿದರೆ, ಕಿರಿದಾದುದರಲ್ಲಿ 2.5ರವರೆಗೆ ಮಾತ್ರ ತೂಗಾಡುವುದು. ಆದಕಾರಣ ಹೊಸ ಕ್ರಮದ ಯಂತ್ರದ ಮಾತು ಹಳೆಯದರಲ್ಲಿ ಕ್ಷೀಣವಾಗಿಯೂ, ಹಳೆಯದರ ಮಾತು ಹೊಸದರಲ್ಲಿ ವಿಕೃತವಾಗಿಯೂ ಕೇಳುವುದು. ಉರಿಯುವ ಮನೆಯನ್ನು ಹೊಕ್ಕಿರುವ ಅಗ್ನಿಶಾಮಕನಿಗೆ ‘ಹೊರಗೆ ಬಾ’ ಎಂಬ ಕರೆಯು ಅಸ್ಪಷ್ಟವಾದರೆ ಪ್ರಾಣಕ್ಕೇ ಹಾನಿ.

ಆದುದರಿಂದಲೇ ಸಿದ್ಧತೆಯು ಕ್ರಮಬದ್ಧವಾಗಿರಬೇಕಾಗಿದ್ದಿತು. ಮೊದಲು ಕೇಂದ್ರದ, ವಾಹನದ, ಕೈಯಲ್ಲಿ ಹಿಡಿಯುವ ಯಂತ್ರಗಳನ್ನೂ, ಮಾತನ್ನು ದೂರಕ್ಕೆ ಸಾಗಿಸುವ ರಿಪೀಟರುಗಳನ್ನೂ ಎಣಿಸಿ ಪಟ್ಟಿಮಾಡುವುದು. ಅನಂತರ ಪ್ರೋಗ್ರಾಂ ಬದಲಾಯಿಸಿದರೆ ಹೊಂದುವವನ್ನೂ, ಹೊಸದಾಗಿಯೇ ಕೊಳ್ಳಬೇಕಾದವನ್ನೂ ವಿಂಗಡಿಸುವುದು. ಬಳಿಕ ಲೈಸೆನ್ಸಿನಲ್ಲಿಯ ಸಂಕೇತವನ್ನು ತಿದ್ದಿಸುವುದು. ‘11ಕೆ2ಎಫ್3ಇ’ ಎಂಬ ಈ ಸಂಕೇತವು ಸೂತ್ರದಂತೆ ಅಲ್ಪಾಕ್ಷರವುಳ್ಳದ್ದು: ‘11ಕೆ2’ ಎಂಬುದು 11.2 ಕಿಲೋಹರ್ಟ್ಸ್ ಅಗಲವನ್ನೂ, ‘ಎಫ್’ ಆವೃತ್ತಿಯ ವಿಕಾರವನ್ನೂ, ‘3’ ಒಂದೇ ಅನಲಾಗ್ ಸಂದೇಶವನ್ನೂ, ‘ಇ’ ಸಂಭಾಷಣೆಯನ್ನೂ ಸೂಚಿಸುತ್ತವೆ. ಕಡೆಗೆ, ಆಪತ್ಕಾಲದಲ್ಲಿ ನೆರವಿಗೆ ಬರುವ ನೆರೆಯೂರುಗಳವರೊಡನೆ ದಿನವನ್ನು ನಿಶ್ಚಯಿಸಿ ಎಲ್ಲರೂ ಒಮ್ಮೆಗೇ ಬದಲಿಸುವುದು. ಚಾನೆಲು ಕಿರಿದಾದಾಗ ಮಾತು ಮುಟ್ಟುವ ದೂರವೂ ಕೆಲವೆಡೆ ಕುಗ್ಗಬಹುದಾದುದರಿಂದ, ಎಲ್ಲೆಯ ಅಂಚಿನಲ್ಲಿ ನಿಂತು ಪರೀಕ್ಷಿಸಿದ ಹೊರತು ಆ ಕಾರ್ಯವು ಪೂರ್ಣವಾದಂತೆ ಎಣಿಸಲಾಗದು.