ಸ್ಟಾಕ್ ರಿಸರ್ಚ್‌ಗೆ ದುಡ್ಡು ಕೊಡೋ ಮುಂಚೆ: ಯಾವ ಸಬ್‌ಸ್ಕ್ರಿಪ್ಷನ್, ಯಾರಿಗೆ, ಎಷ್ಟಕ್ಕೆ?

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಸಿಗದವರಿಗಾಗಿ ಅದರ ಬರಹರೂಪ ಇದು. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನೂ ಇಲ್ಲಿ ಸೇರಿಸಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ನಾನು ಸಾಫ್ಟ್‌ವೇರ್ ಇಂಜಿನಿಯರ್. ಸೆಬಿ ನೋಂದಣಿ ಇರೋ ಅನಲಿಸ್ಟ್ ಅಲ್ಲ. ಯಾವ ಷೇರು ಕೊಳ್ಳಬೇಕು ಅಂತ ಇಲ್ಲಿ ಹೇಳೋದಿಲ್ಲ.

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನೂ ನಮ್ಮ ರಾಯಚೂರಿನವನೇ. ಎರಡು ವರ್ಷದಿಂದ ಮಾದಾಪುರದಲ್ಲಿ ಕೆಲಸ, ಪಿಜಿಯಲ್ಲಿ ವಾಸ.

"ಅಣ್ಣಾ, ಒಂದು ಸ್ಟಾಕ್ ರಿಸರ್ಚ್ ಸರ್ವಿಸ್ ಅದ. ಅರ್ಧ ರೇಟಿಗೆ ಕೊಡಾಕತ್ತಾರ, 14,999. ಇವತ್ತೇ ಲಾಸ್ಟ್ ಡೇಟ್. ತಗೊಳ್ಳಲೇನು?"

"ಹಾಕೋ ದುಡ್ಡು ಎಷ್ಟು?" ಅಂದೆ.

"ಮೂರು ಲಕ್ಷ."

"ಇವತ್ತು ತಗೋಬೇಡ. ಆಫರ್ ಹೋದ್ರ ಹೋಗ್ಲಿ, ಭಾನುವಾರ ಮನಿಗೆ ಬಾ" ಅಂದೆ. ಹಾಗೆ ಹೇಳೋಕೆ ನನಗೊಂದು ಕಾರಣ ಇತ್ತು.

ನಾನು ಕಟ್ಟಿದ ಫೀಸು

2021ರಲ್ಲಿ ವರ್ಕ್ ಫ್ರಂ ಹೋಮ್ ನಡೀತಿತ್ತು, ಮಾರ್ಕೆಟ್ ದಿನಾ ಏರ್ತಿತ್ತು. ಸಹೋದ್ಯೋಗಿಯೊಬ್ಬರು ಒಂದು ಟೆಲಿಗ್ರಾಂ ಗ್ರೂಪಿಗೆ ಸೇರಿಸಿದರು. ಪ್ರೀಮಿಯಂ ಗ್ರೂಪಿಗೆ 12,000 ರೂಪಾಯಿ ಕಟ್ಟಿದೆ. ಹೆಸರೇ ಕೇಳದ ಒಂದು ಸಣ್ಣ ಕಂಪನಿಯ ಷೇರಿಗೆ 80,000 ಹಾಕಿದೆ. ಎರಡು ವಾರ ಏರಿತು. ಆಮೇಲೆ ದಿನಾ ಲೋವರ್ ಸರ್ಕ್ಯೂಟ್. ಮಾರೋಣ ಅಂದ್ರೆ ಕೊಳ್ಳೋರೇ ಇಲ್ಲ. ಕೊನೆಗೆ ಕೈಗೆ ಬಂದಿದ್ದು 31,000.

ಆ ಗ್ರೂಪಿನಲ್ಲಿ ಏನು ನಡೀತು ಅಂತ ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಇಂಥ ಆಟ ಹೇಗೆ ನಡೆಯುತ್ತೆ ಅನ್ನೋದು ಸೆಬಿ ಆದೇಶಗಳನ್ನ ಓದಿದರೆ ಗೊತ್ತಾಗುತ್ತೆ. 2022ರ ಜನವರಿಯಲ್ಲಿ ಗುಜರಾತ್ ಮೂಲದ ಒಂದು ಟೆಲಿಗ್ರಾಂ ಚಾನೆಲ್ ಮೇಲೆ ಸೆಬಿ ಆದೇಶ ಹೊರಡಿಸಿತು. ಅದರಲ್ಲಿದ್ದ ಆರೋಪ ಸರಳ: ಮೊದಲು ತಾವು ಷೇರು ಕೊಳ್ಳೋದು, ಆಮೇಲೆ ಚಾನೆಲ್‌ನಲ್ಲಿ ಕೊಳ್ಳಿ ಅನ್ನೋದು, ಜನ ಮುಗಿಬಿದ್ದಾಗ ತಮ್ಮದನ್ನ ಮಾರೋದು.

'ರಿಸರ್ಚ್' ಹೆಸರಲ್ಲಿ ಎರಡು ಬೇರೆ ಸರಕು

ಭಾನುವಾರ ತಮ್ಮ ಬಂದ. ಮೊದಲು ಅವನಿಗೆ ಹೇಳಿದ್ದು ಇದನ್ನೇ.

ಒಂದು, ಮಾಹಿತಿಯ ಟೂಲ್. ಸ್ಕ್ರೀನರ್, ಟಿಕರ್‌ಟೇಪ್, ಟ್ರೆಂಡ್‌ಲೈನ್ ಇಂಥವು. ಕಂಪನಿಯ ವರ್ಷವರ್ಷದ ಲಾಭ, ಸಾಲ, ನಗದು ಹರಿವು, ಪ್ರಮೋಟರ್ ಪಾಲು ಎಲ್ಲಾ ಒಂದೇ ಕಡೆ ಸಿಗುತ್ತೆ. ಸಾಲ ಕಡಿಮೆ ಇರಬೇಕು, ಐದು ವರ್ಷ ಲಾಭ ಬೆಳೆದಿರಬೇಕು ಅಂತ ಷರತ್ತು ಹಾಕಿದರೆ ಪಟ್ಟಿ ಕೊಡುತ್ತೆ. ಹೆಚ್ಚುಕಮ್ಮಿ ನಮ್ಮ ಎಸ್‌ಕ್ಯೂಎಲ್ ಕ್ವೆರಿ ಇದ್ದ ಹಾಗೆ. ತೀರ್ಮಾನ ಮಾತ್ರ ನಿಮ್ಮದು. ಇವುಗಳಲ್ಲಿ ಪುಕ್ಕಟೆ ಸಿಗೋ ಭಾಗವೇ ಹೊಸಬರಿಗೆ ಬೇಕಾದಷ್ಟಾಯ್ತು.

ಎರಡು, ಅಭಿಪ್ರಾಯ. "ಇದನ್ನ ಕೊಳ್ಳಿ, ಇಷ್ಟಕ್ಕೆ ಮಾರಿ" ಅಂತ ಹೇಳೋ ಸೇವೆ. ವ್ಯಾಲ್ಯೂ ರಿಸರ್ಚ್ ಸ್ಟಾಕ್ ಅಡ್ವೈಸರ್ ಈ ಜಾತಿಯದು. ಸ್ಮಾಲ್‌ಕೇಸ್‌ನಲ್ಲಿ ಬೇರೆಬೇರೆ ಮ್ಯಾನೇಜರ್‌ಗಳು ಕೊಡೋ ಷೇರುಬುಟ್ಟಿಗಳೂ ಇದೇ ಸಾಲಿನವು. ಇಲ್ಲಿ ನೀವು ದುಡ್ಡು ಕೊಡೋದು ಇನ್ನೊಬ್ಬರ ತೀರ್ಮಾನಕ್ಕೆ.

ಬ್ರೋಕರ್ ಆ್ಯಪ್‌ಗಳಲ್ಲಿ ಪುಕ್ಕಟೆ ಬರೋ ವರದಿಗಳೂ ಎರಡನೇ ಜಾತಿಯವೇ. ಓದಿ, ತಪ್ಪಿಲ್ಲ. ಆದರೆ ನೀವು ಹೆಚ್ಚು ಸಲ ಕೊಂಡು ಮಾರಿದಷ್ಟೂ ಬ್ರೋಕರ್‌ಗೆ ಆದಾಯ ಅನ್ನೋದು ನೆನಪಿರಲಿ.

ದಿನಕ್ಕೆ ಅರ್ಧ ಗಂಟೆ ಕೂತು ಬ್ಯಾಲೆನ್ಸ್ ಶೀಟ್ ಓದೋ ಆಸಕ್ತಿ ಇದ್ದರೆ ಟೂಲ್ ಸಾಕು. ಅಷ್ಟು ಟೈಮ್ ಇಲ್ಲ ಅಂದ್ರೆ ಅಭಿಪ್ರಾಯ ಕೊಳ್ಳೋಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನನಗೆ ಬಿಡಿ ಷೇರುಗಳು ಬೇಕೇ ಬೇಕಾ?

ಶೇಕಡಾ ಲೆಕ್ಕ

14,999ಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ ಸುಮಾರು 17,700 ರೂಪಾಯಿ. ಮೂರು ಲಕ್ಷಕ್ಕೆ ಅದು ಶೇ. 5.9. ಅಂದ್ರೆ ಆ ಸರ್ವಿಸ್ ಹೇಳಿದ ಷೇರುಗಳು ಮಾರ್ಕೆಟ್‌ಗಿಂತ ಹತ್ತಿರ ಹತ್ತಿರ ಶೇ. 6 ಹೆಚ್ಚು ಕೊಟ್ಟರೆ ಮಾತ್ರ ತಮ್ಮ ಮಾರ್ಕೆಟ್ ಜೊತೆ ಸರಿಸಮ ನಿಲ್ತಾನೆ. ಅದೂ ಪ್ರತಿ ವರ್ಷ. ಅದೇ ಮೂರು ಲಕ್ಷವನ್ನ ನಿಫ್ಟಿ ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನ್‌ನಲ್ಲಿ ಇಟ್ಟರೆ ವರ್ಷದ ಖರ್ಚು ಸಾಮಾನ್ಯವಾಗಿ ನೂರಕ್ಕೆ ಅರ್ಧ ರೂಪಾಯಿಗಿಂತ ಕಡಿಮೆ, ಅಂದ್ರೆ 1,500 ರೂಪಾಯಿ ಒಳಗೆ.

ಮೂವತ್ತು ಲಕ್ಷ ಹೂಡಿರೋರಿಗೆ ಅದೇ 17,700 ರೂಪಾಯಿ ಶೇ. 0.6 ಕೂಡ ಆಗಲ್ಲ. ಅದೇ ಸೇವೆ, ಅದೇ ವರದಿ, ಆದರೆ ಒಬ್ಬರಿಗೆ ಅಗ್ಗ, ಇನ್ನೊಬ್ಬರಿಗೆ ದುಬಾರಿ. 'ಬೆಸ್ಟ್ ಸರ್ವಿಸ್ ಯಾವುದು' ಅನ್ನೋ ವಿಡಿಯೋಗಳಲ್ಲಿ ಈ ಲೆಕ್ಕ ಅಪರೂಪ. ನಾನು ಇಟ್ಟುಕೊಂಡಿರೋ ಮಿತಿ, ಹೂಡಿಕೆಯ ಅರ್ಧ ಪರ್ಸೆಂಟ್. ಇದು ನನ್ನ ರೂಲು, ಸೆಬಿದಲ್ಲ.

ಇದರ ಮೇಲೆ ತೆರಿಗೆ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20. ಒಂದು ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ವಾರಕ್ಕೊಂದು ಟಿಪ್ ಕೊಡೋ ಸರ್ವಿಸ್ ನಿಮ್ಮನ್ನ ಶೇ. 20ರ ಕಡೆಗೇ ತಳ್ಳುತ್ತೆ.

ಕೊಳ್ಳಲೇಬೇಕು ಅಂದ್ರೆ ಏನು ನೋಡಬೇಕು

ದುಡ್ಡು ತಗೊಂಡು ಷೇರು ಶಿಫಾರಸು ಮಾಡೋಕೆ ಸೆಬಿ ನೋಂದಣಿ ಬೇಕು. ಇದಕ್ಕೆ 2014ರ ರಿಸರ್ಚ್ ಅನಲಿಸ್ಟ್ ನಿಯಮಗಳಿವೆ. ನೋಂದಣಿ ಸಂಖ್ಯೆ ಐಎನ್‌ಎಚ್ ಅಂತ ಶುರುವಾಗುತ್ತೆ, ಆಮೇಲೆ ಒಂಬತ್ತು ಅಂಕಿ. ಸಂಖ್ಯೆ ಬರೆದಿದ್ದಾರೆ ಅಂತ ನಂಬಬೇಡಿ, ಬೇರೆಯವರ ಸಂಖ್ಯೆ ಕದ್ದು ಹಾಕಿಕೊಳ್ಳೋರೂ ಇದ್ದಾರೆ. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ. ಅಲ್ಲಿರೋ ಹೆಸರು, ನೀವು ದುಡ್ಡು ಕಳಿಸೋ ಖಾತೆಯ ಹೆಸರು, ಎರಡೂ ಒಂದೇ ಇರಬೇಕು.

ನಿಯಮಗಳಲ್ಲಿ ನಮಗೆ ಉಪಯೋಗ ಆಗೋ ನಾಲ್ಕು ಅಂಶ ಇಲ್ಲಿವೆ:

– ಲಾಭ ಗ್ಯಾರಂಟಿ ಅನ್ನೋ ಹಾಗಿಲ್ಲ. ಅಂದರೆ ಅಲ್ಲಿಗೆ ಮಾತು ಮುಗೀತು, ಎದ್ದು ಬನ್ನಿ.

– ಒಂದು ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ ಫೀ 1,51,000 ರೂಪಾಯಿ. ಮುಂಗಡ ತಗೊಳ್ಳೋದಾದ್ರೆ 2025ರ ಏಪ್ರಿಲ್ ಸುತ್ತೋಲೆ ಪ್ರಕಾರ ಒಂದು ವರ್ಷದ್ದು ಮಾತ್ರ. 'ಲೈಫ್‌ಟೈಮ್ ಪ್ಲಾನ್' ಅಂತ ಯಾರಾದ್ರೂ ಟಿಪ್ಸ್ ಮಾರಿದರೆ ಅನುಮಾನ ಪಡಿ.

– ನಡುವೆ ಬಿಟ್ಟರೆ ಉಳಿದ ಅವಧಿಯ ಫೀ ವಾಪಸ್ ಕೇಳೋ ಹಕ್ಕು ನಿಮಗಿದೆ.

– ಶಿಫಾರಸು ಮಾಡೋ ಅನಲಿಸ್ಟ್ ವರದಿಗೆ 30 ದಿನ ಮುಂಚೆ, 5 ದಿನ ಆದಮೇಲೆ ಆ ಷೇರಿನಲ್ಲಿ ವ್ಯವಹಾರ ಮಾಡುವಂತಿಲ್ಲ. ತನ್ನ ಬಳಿ ಆ ಷೇರು ಇದ್ದರೆ ವರದಿಯಲ್ಲಿ ಹೇಳಬೇಕು. ನನ್ನ 80,000 ಹೋದಾಗ ನನಗೆ ಈ ನಿಯಮ ಗೊತ್ತಿರಲಿಲ್ಲ.

ಇನ್ನೊಂದು ಕೆಲಸ ನೀವೇ ಮಾಡಬೇಕು. ಹಳೆಯ ಶಿಫಾರಸುಗಳ ಪೂರ್ತಿ ಪಟ್ಟಿ ಕೇಳಿ, ತಾರೀಖು ಸಮೇತ, ಸೋತವೂ ಸೇರಿ. ಜಾಹೀರಾತಿನಲ್ಲಿ ಐದು ಗೆದ್ದ ಷೇರು ತೋರಿಸ್ತಾರೆ. ಐವತ್ತು ಹೇಳಿ ಐದು ಗೆಲ್ಲೋದು ದೊಡ್ಡ ಮಾತಲ್ಲ. ಪಟ್ಟಿ ಕೊಡಲ್ಲ ಅಂದ್ರೆ ಅದೇ ಉತ್ತರ. ಹಾಗೇ, ನಿಮ್ಮ ಡಿಮ್ಯಾಟ್ ಪಾಸ್‌ವರ್ಡ್ ಕೇಳೋರು, "ನಿಮ್ಮ ಅಕೌಂಟ್ ನಾವೇ ನೋಡ್ಕೋತೀವಿ" ಅನ್ನೋರು ರಿಸರ್ಚ್ ಮಾರ್ತಿಲ್ಲ.

ಹೈದರಾಬಾದ್‌ನಲ್ಲಿದ್ದು ಇದನ್ನ ಮರೆಯೋ ಹಾಗಿಲ್ಲ

ಸರಿ, ನೋಂದಣಿ ಇದೆ, ಪ್ರಾಮಾಣಿಕರೂ ಹೌದು. ಆಗ ನಂಬಬಹುದಾ? ಇಲ್ಲಿ ತಮ್ಮನಿಗೆ ಸತ್ಯಂ ಕಥೆ ಹೇಳಿದೆ. ಅವನು ಆಗ ಪ್ರೈಮರಿ ಸ್ಕೂಲು. ನಾನು ಬಿಇ ಓದ್ತಿದ್ದೆ, ಹಾಸ್ಟೆಲ್ ಟಿವಿ ಮುಂದೆ ನಿಂತು ನೋಡಿದ ನೆನಪಿದೆ.

2009ರ ಜನವರಿ 7. ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕ ಸುಳ್ಳು ಅಂತ ತಾವೇ ಪತ್ರ ಬರೆದರು. ಪುಸ್ತಕದಲ್ಲಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ. ಸೆಪ್ಟೆಂಬರ್ ತ್ರೈಮಾಸಿಕದ ಆಪರೇಟಿಂಗ್ ಮಾರ್ಜಿನ್ ಶೇ. 24 ಅಂತ ತೋರಿಸಿದ್ದರು, ನಿಜವಾಗಿ ಇದ್ದದ್ದು ಶೇ. 3. ಒಂದೇ ದಿನದಲ್ಲಿ ಷೇರು ಸುಮಾರು 179 ರೂಪಾಯಿಯಿಂದ 40ರ ಆಸುಪಾಸಿಗೆ ಬಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಕಾರ್ಪೊರೇಟ್ ಆಡಳಿತಕ್ಕೆ ಪ್ರಶಸ್ತಿ ಪಡೆದಿದ್ದ ಕಂಪನಿ ಅದು.

ಅನಲಿಸ್ಟ್ ಓದೋದು ಕಂಪನಿ ಪ್ರಕಟಿಸಿದ ಅಂಕಿಗಳನ್ನೇ. ಇನ್‌ಪುಟ್ಟೇ ಸುಳ್ಳಾದರೆ ಎಷ್ಟು ಒಳ್ಳೆ ಮಾಡೆಲ್ ಇದ್ದರೂ ಔಟ್‌ಪುಟ್ ಸುಳ್ಳೇ. ಆದ್ದರಿಂದ ಯಾವ ಸರ್ವಿಸ್ ಹೇಳಿದರೂ ಒಂದೇ ಷೇರಿಗೆ ಎಲ್ಲಾ ದುಡ್ಡು ಸುರಿಯಬೇಡಿ. ಐಟಿಯವರಿಗೆ ಇನ್ನೊಂದು ಮಾತು ಇದೆ. ನಮ್ಮ ಸಂಬಳ ಐಟಿ, ಕಂಪನಿ ಕೊಟ್ಟ ಷೇರುಗಳೂ ಐಟಿ. ಅದರ ಮೇಲೆ ಶಿಫಾರಸು ಬಂದ ಐಟಿ ಷೇರನ್ನೂ ಕೊಂಡರೆ, ಒಂದು ಕೆಟ್ಟ ವರ್ಷದಲ್ಲಿ ಕೆಲಸ, ಉಳಿತಾಯ ಎರಡಕ್ಕೂ ಒಟ್ಟಿಗೇ ಪೆಟ್ಟು. ಇದನ್ನ ನಿಮ್ಮ ರಿಸರ್ಚ್ ಸರ್ವಿಸ್ ಹೇಳಲ್ಲ, ಯಾಕಂದ್ರೆ ನೀವು ಎಲ್ಲಿ ಕೆಲಸ ಮಾಡ್ತೀರಿ ಅಂತ ಅದಕ್ಕೆ ಗೊತ್ತಿಲ್ಲ.

ಕೊನೆಗೆ ಕೇಳಿದ್ದು

ಊಟಕ್ಕೆ ಕೂತಾಗ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ.

"ಮೂರು ಲಕ್ಷ ಎಲ್ಲಿಂದ ಬಂತಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪ ಹತ್ತಿ ಮಾರಿದ ರೊಕ್ಕ ಅಣ್ಣಾ. ತಂಗಿ ಮದುವಿಗೆ ಅಂತ ಇಟ್ಟಿದ್ದು. ಮದುವಿ ಇನ್ನೂ ಎರಡು ವರ್ಷ ಅದ, ಅಷ್ಟರಾಗ ಡಬಲ್ ಮಾಡೋಣಂತ..."

ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ಅಲ್ಲಿಗೆ ಬದಿಗೆ ಹೋಯ್ತು. ಎರಡು ವರ್ಷಕ್ಕೆ ಬೇಕೇ ಬೇಕಾದ ದುಡ್ಡು ಷೇರಿಗೆ ಹೋಗಬಾರದು. ಜಗತ್ತಿನ ಒಳ್ಳೇ ರಿಸರ್ಚ್ ಕೈಲಿದ್ದರೂ, ಮದುವೆ ತಿಂಗಳಲ್ಲಿ ಮಾರ್ಕೆಟ್ ಎಲ್ಲಿರುತ್ತೆ ಅಂತ ಯಾರೂ ಹೇಳಲಾರರು. ಅವನು ಸೋಮವಾರ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಸಿ ರಸೀದಿಯ ಫೋಟೋ ಕಳಿಸಿದ. ಸ್ವಂತ ಸಂಬಳದಿಂದ ತಿಂಗಳಿಗೆ 5,000 ಇಂಡೆಕ್ಸ್ ಫಂಡಿಗೆ ಹಾಕ್ತಿದ್ದಾನೆ. ಷೇರು ಕಲಿಯೋ ಆಸೆಗೆ ಸ್ಕ್ರೀನರ್‌ನ ಪುಕ್ಕಟೆ ಖಾತೆ ಇದೆ, ಕಂಪನಿಗಳ ವಾರ್ಷಿಕ ವರದಿಗಳು ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಪುಕ್ಕಟೆ ಇವೆ. ಆರು ತಿಂಗಳು ಓದಿದ ಮೇಲೆ, ಟೂಲ್‌ನಲ್ಲಿ ಇಂಥದ್ದು ಸಿಗ್ತಿಲ್ಲ ಅಂತ ಅನ್ನಿಸಿದರೆ ಆಗ ಚಂದಾ ಕಟ್ಟಲಿ.

ನೋಂದಾಯಿತ ಅನಲಿಸ್ಟ್ ಮೇಲೆ ದೂರಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್ ಇದೆ. ಆನ್‌ಲೈನ್ ಮೋಸಕ್ಕೆ ಸಿಕ್ಕಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನಾನು 2021ರಲ್ಲಿ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ, ಮನೆಯವಳಿಗೂ. ನೀವು ಹಾಗೆ ಮಾಡಬೇಡಿ.

ಅಂದ ಹಾಗೆ, 'ಇವತ್ತೇ ಲಾಸ್ಟ್ ಡೇಟ್' ಅಂದಿದ್ದ ಆ ಆಫರ್ ಮೊನ್ನೆ ತಮ್ಮನಿಗೆ ಮತ್ತೆ ಬಂದಿದೆ. ಈಗ 9,999.