ಬೇಸಿಗೆಯಲ್ಲಿ ಕೆಲಸಕ್ಕೆ ಹೊರಡುವ ಅಮ್ಮಂದಿರಿಗೆ ಯಾವ ಬಟ್ಟೆ ಹಿತ? ಭೀಮಾ ತೀರದ ಬಿಸಿಲು ಹೇಳಿಕೊಡುವ ಪಾಠ

ಇಂದಾಪುರ (ಪುಣೆ): ಮಕ್ಕಳ ಡಬ್ಬಿ ಕಟ್ಟಬೇಕು, ಮನೆಯವರಿಗೆ ತಿಂಡಿ ಮಾಡಿಡಬೇಕು, ನೀರು ಬಂದಿದ್ದರೆ ತುಂಬಿಸಬೇಕು. ಇಷ್ಟೆಲ್ಲ ಮುಗಿಸಿ ಕೆಲಸಕ್ಕೆ ಹೊರಡುವ ತಾಯಂದಿರಿಗೆ ಕಪಾಟಿನ ಮುಂದೆ ನಿಲ್ಲಲು ಸಿಗುವುದು ಐದೇ ನಿಮಿಷ. ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬಸ್ಸಿಗೆ ಓಡುವುದು ಮಾಮೂಲಿ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಈ ಐದು ನಿಮಿಷದ ಆಯ್ಕೆ ಇಡೀ ದಿನದ ಆರಾಮವನ್ನು, ಕೆಲವೊಮ್ಮೆ ಆರೋಗ್ಯವನ್ನೂ ನಿರ್ಧರಿಸುತ್ತದೆ.

ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ ಓಡಾಡಿದ ಕನ್ನಡಿಗರಿಗೆ ಇಂದಾಪುರ ಹೊಸ ಹೆಸರಲ್ಲ. ಒಂದು ಕಡೆ ಉಜನಿ ಅಣೆಕಟ್ಟಿನ ಹಿನ್ನೀರು, ಇನ್ನೊಂದು ಕಡೆ ಕಬ್ಬಿನ ಗದ್ದೆಗಳು. ಇಲ್ಲಿ ಹಾದು ಹೋಗುವ ಭೀಮಾ ನದಿಯೇ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ನದಿಯಂತೆ ಬಿಸಿಲೂ ಎರಡೂ ಕಡೆಯವರಿಗೆ ಸಮಾನ. ಕಬ್ಬಿನ ಗದ್ದೆ, ಶಾಲೆ, ಬ್ಯಾಂಕು, ಕಾರ್ಖಾನೆ, ಅಂಗಡಿ ಹೀಗೆ ಎಲ್ಲ ಕಡೆ ದುಡಿಯುವ ಈ ಭಾಗದ ಮಹಿಳೆಯರ ಉಡುಗೆಯನ್ನು ಗಮನಿಸಿದರೆ ಬೇಸಿಗೆಗೆ ಏನು ಸರಿ, ಏನು ತಪ್ಪು ಎಂಬುದು ಅರ್ಥವಾಗುತ್ತದೆ.

ಬಟ್ಟೆಗೂ ಸೆಕೆಗೂ ಏನು ಸಂಬಂಧ?

ನಮ್ಮ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಇದಕ್ಕಿಂತ ತಂಪಾಗಿದ್ದಾಗ ದೇಹದ ಶಾಖ ತಾನಾಗಿಯೇ ಹೊರಹೋಗುತ್ತದೆ. ಹೊರಗೆ 40 ಡಿಗ್ರಿ ಇದ್ದರೆ ಆ ದಾರಿ ಮುಚ್ಚುತ್ತದೆ. ಆಗ ದೇಹಕ್ಕೆ ಉಳಿಯುವ ದೊಡ್ಡ ಉಪಾಯ ಬೆವರು ಒಂದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಬೆವರು ಬಂದರೆ ದೇಹ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಮೈಗೆ ಅಂಟಿಕೊಂಡ, ಗಾಳಿಯಾಡದ ಬಟ್ಟೆಯೊಳಗೆ ಬೆವರು ಆರುವುದಿಲ್ಲ. ನೀರು, ಲವಣ ಎರಡೂ ನಷ್ಟವಾಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಆದ್ದರಿಂದ ಬೇಸಿಗೆ ಬಟ್ಟೆಗೆ ಇರಬೇಕಾದ ಮೊದಲ ಗುಣ ಬೆವರನ್ನು ಹೀರಿ, ಗಾಳಿಗೆ ಬಿಟ್ಟುಕೊಡುವುದು.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾದರೆ ಅದು ಬಿಸಿಗಾಳಿ. ವಾಡಿಕೆ ಏನೇ ಇರಲಿ, 45 ಡಿಗ್ರಿ ಮುಟ್ಟಿದರೂ ಬಿಸಿಗಾಳಿ ಎಂದೇ ಪರಿಗಣನೆ. ಇಂಥ ದಿನಗಳಲ್ಲಿ ಬಟ್ಟೆ ಬರೀ ಅಂದದ ವಿಷಯವಾಗಿ ಉಳಿಯುವುದಿಲ್ಲ.

ಯಾವ ನೂಲು ಒಳ್ಳೆಯದು?

ಸಾಮಾನ್ಯ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8.5 ಗ್ರಾಂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಿನನ್ ಸುಮಾರು 12 ಗ್ರಾಂ, ರೇಯಾನ್ 11ರಿಂದ 13 ಗ್ರಾಂ. ಅದೇ ಪಾಲಿಯೆಸ್ಟರ್ ಹಿಡಿಯುವುದು ಬರೀ 0.4 ಗ್ರಾಂ. ಮಾಮೂಲಿ ಪಾಲಿಯೆಸ್ಟರ್ ಸೀರೆ ಅಥವಾ ಕುರ್ತಾ ತೊಟ್ಟಾಗ ಮೈ ಜಿಗುಟುಜಿಗುಟು ಅನ್ನಿಸುವುದು ಇದಕ್ಕೇ.

ಹಾಗಂತ ಹತ್ತಿಗೆ ದೋಷವೇ ಇಲ್ಲ ಎಂದಲ್ಲ. ದಪ್ಪ ಹತ್ತಿ ಬಟ್ಟೆ ಪೂರ್ತಿ ಒದ್ದೆಯಾದರೆ ಒಣಗಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಹತ್ತಿಯಲ್ಲೂ ತೆಳು ನೇಯ್ಗೆಯದ್ದೇ ಆರಿಸಿ. ಮಲ್ ಕಾಟನ್, ವಾಯ್ಲ್, ಕ್ಯಾಂಬ್ರಿಕ್, ತೆಳು ಖಾದಿ ಬೇಸಿಗೆಗೆ ಹೇಳಿಮಾಡಿಸಿದವು. ರೇಯಾನ್ ಮೃದುವಾಗಿ, ತಂಪಾಗಿ ಇರುತ್ತದೆ. ಆದರೆ ಒದ್ದೆಯಾದಾಗ ಅದರ ಬಲ ಕಡಿಮೆಯಾಗುತ್ತದೆ, ಜೋರಾಗಿ ಹಿಂಡಿದರೆ ಬೇಗ ಹಾಳಾಗುತ್ತದೆ.

ಅಂಗಡಿಯಲ್ಲಿ 'ಕಾಟನ್' ಎಂದದ್ದೆಲ್ಲ ಅಪ್ಪಟ ಹತ್ತಿಯಲ್ಲ. 'ಕಾಟನ್ ಮಿಕ್ಸ್', 'ಕಾಟನ್ ಫೀಲ್' ಎಂದರೆ ಪಾಲಿಯೆಸ್ಟರ್ ಬೆರೆತಿರುವ ಸಾಧ್ಯತೆ ಹೆಚ್ಚು. ಮನೆಯಲ್ಲೇ ಪರೀಕ್ಷಿಸಬಹುದು. ಅಂಚಿನಿಂದ ಒಂದೆರಡು ಎಳೆ ಬಿಡಿಸಿ, ಚಿಮುಟದಲ್ಲಿ ಹಿಡಿದು ಮಕ್ಕಳಿಂದ ದೂರದಲ್ಲಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ ಎಂಬುದು ನೆನಪಿರಲಿ.

ಕಪ್ಪು ಬಣ್ಣ ಬೇಡವೇ ಬೇಡವಾ?

ತಿಳಿ ಬಣ್ಣ ಬಿಸಿಲನ್ನು ಹೆಚ್ಚು ಹಿಮ್ಮೆಟ್ಟಿಸುತ್ತದೆ, ಗಾಢ ಬಣ್ಣ ಹೀರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮರುಭೂಮಿಯ ಬೆದುಯಿನ್ ಜನರು ಕಪ್ಪು ನಿಲುವಂಗಿ ತೊಡುವುದು ಯಾಕೆ? 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಅಧ್ಯಯನವೊಂದು ಪ್ರಕಟವಾಯಿತು. ಸಡಿಲ ನಿಲುವಂಗಿ ಕಪ್ಪಿರಲಿ, ಬಿಳಿ ಇರಲಿ, ಒಳಗಿನ ಮೈಗೆ ತಗಲುವ ಶಾಖ ಒಂದೇ ಎಂದು ಸಂಶೋಧಕರು ಕಂಡುಕೊಂಡರು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದರೂ, ಮೈಗೂ ಬಟ್ಟೆಗೂ ನಡುವೆ ಆಡುವ ಗಾಳಿ ಅದನ್ನು ಮೈ ಮುಟ್ಟುವ ಮೊದಲೇ ಹೊತ್ತೊಯ್ಯುತ್ತಿತ್ತು.

ಇದರಿಂದ ತಿಳಿಯುವುದೇನು? ಬಣ್ಣಕ್ಕಿಂತ ಸಡಿಲಿಕೆ ಮುಖ್ಯ. ಮೈಗಂಟಿದ ಬಿಳಿ ಲೆಗ್ಗಿಂಗ್ಸ್‌ಗಿಂತ ಸಡಿಲವಾದ ನೀಲಿ ಪಲಾಜೊ ಹಿತ ಅನ್ನಿಸಬಹುದು. ಬಿಗಿ ಉಡುಪೇ ಬೇಕು ಎಂದಾದರೆ ಮಾತ್ರ ತಿಳಿ ಬಣ್ಣ ಆರಿಸುವುದು ಜಾಣತನ.

ಸೀರೆ ಉಡುವವರು ಗಮನಿಸಬೇಕಾದ್ದು

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ಉತ್ತರ ಕರ್ನಾಟಕದಲ್ಲಿ ಎಷ್ಟು ಮನೆಮಾತೋ, ಮಹಾರಾಷ್ಟ್ರದಲ್ಲೂ ಅಷ್ಟೇ. ಅಲ್ಲಿ ಅದನ್ನು 'ಇರಕಲ್' ಎನ್ನುತ್ತಾರೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿ, ಸೆರಗಿನದು ರೇಷ್ಮೆ. ಎರಡನ್ನೂ ಕೊಂಡಿಯಂತೆ ಬೆಸೆದು ನೇಯುವುದು ಅದರ ವಿಶೇಷ. ಮೈಗೆ ತಾಗುವ ಭಾಗ ಹತ್ತಿ, ಎದ್ದು ಕಾಣುವ ಸೆರಗು ರೇಷ್ಮೆ. ದಿನವೂ ಉಟ್ಟು ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕಾಚಾರ ಬೇರೆ ಇರಲಾರದು.

ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಯೂ ಮೂಲತಃ ದುಡಿಮೆಯ ಉಡುಪೇ. ಸಂತ ತುಕಾರಾಮರ ಪಾಲಖಿ ಪಂಢರಪುರಕ್ಕೆ ಹೋಗುವ ದಾರಿಯಲ್ಲಿ ಇಂದಾಪುರದಲ್ಲಿ ತಂಗುತ್ತದೆ. ಆಗ ಕಚ್ಚೆ ಸೀರೆಯಲ್ಲೇ ಮೈಲುಗಟ್ಟಲೆ ನಡೆದು ಬರುವ ಹಿರಿಯ ಮಹಿಳೆಯರನ್ನು ಈಗಲೂ ಕಾಣಬಹುದು. ಕಾಲು ಬೀಸಿ ನಡೆಯಲು, ಬಗ್ಗಿ ಏಳಲು ಅಡ್ಡಿಯಿಲ್ಲ, ಲಂಗದ ಭಾರವೂ ಇಲ್ಲ.

ಈಗ ಹೆಚ್ಚಿನವರು ಉಡುವುದು ಆರು ಗಜದ ಸೀರೆ. ಇಲ್ಲಿ ಹಲವರು ಮಾಡುವ ತಪ್ಪೊಂದಿದೆ. ದುಡ್ಡು ಕೊಟ್ಟು ಒಳ್ಳೆಯ ಕಾಟನ್ ಸೀರೆ ತರುತ್ತಾರೆ, ಒಳಗೆ ತೊಡುವ ಲಂಗ ಪಾಲಿಯೆಸ್ಟರ್ ಸ್ಯಾಟಿನ್‌ನದ್ದು, ರವಿಕೆಯ ಲೈನಿಂಗ್ ಕೂಡ ಪಾಲಿಯೆಸ್ಟರ್. ಮೈಗೆ ತಾಗುವುದು ಆ ಒಳಗಿನ ಬಟ್ಟೆಯೇ ಆದ್ದರಿಂದ ಸೀರೆಗೆ ಕೊಟ್ಟ ದುಡ್ಡು ದಂಡ. ಬೇಸಿಗೆಗೆ ಹೊಸ ಸೀರೆ ತರುವ ಬದಲು ಎರಡು ಹತ್ತಿ ಲಂಗ ತಂದರೆ ಖರ್ಚೂ ಕಡಿಮೆ, ಆರಾಮವೂ ಹೆಚ್ಚು. ದರ್ಜಿಗೆ ರವಿಕೆ ಕೊಡುವಾಗ 'ಕಾಟನ್ ಲೈನಿಂಗ್ ಹಾಕಿ' ಎಂದು ಬಾಯಿಬಿಟ್ಟು ಹೇಳಿ.

ಲಂಗದ ಲಾಡಿಯನ್ನು ದಿನವೂ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದರೆ ಬೆವರು ನಿಂತು ಚರ್ಮ ಉಜ್ಜಿ ಕಪ್ಪಾಗುತ್ತದೆ, ಗಾಯವೂ ಆಗಬಹುದು. ಅಗಲ ಪಟ್ಟಿ ಹೊಲಿಸಿದ ಲಂಗ ಇದಕ್ಕೆ ಸುಲಭ ಪರಿಹಾರ. ಸೀರೆಗೆ ಗಂಜಿ ಹಾಕುವುದಾದರೆ ತೆಳುವಾಗಿ ಹಾಕಿ. ಬಟ್ಟೆ ಮೈಗೆ ಅಂಟದಂತೆ ನಿಲ್ಲುತ್ತದೆ. ದಪ್ಪ ಗಂಜಿ ಹಾಕಿದರೆ ಗಾಳಿಯಾಡುವುದೇ ಕಷ್ಟ.

ಕೆಲಸಕ್ಕೆ ತಕ್ಕ ಉಡುಪು

ಹೊಲದಲ್ಲಿ ದುಡಿಯುವವರು: ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ, ತಲೆಗೆ ಸುತ್ತಿದ ಬಟ್ಟೆ. ಭೀಮಾ ತೀರದ ಉದ್ದಕ್ಕೂ ಕಾಣುವ ಈ ಉಡುಗೆಯನ್ನು ನೋಡಿ ನಗುವವರಿದ್ದಾರೆ. ಆದರೆ ಇದು ಅನುಭವದಿಂದ ಬಂದದ್ದು. ಅಂಗಿ ಬಿಸಿಲನ್ನು ತಡೆಯುತ್ತದೆ, ಕಬ್ಬಿನ ಗರಿಯ ಅಂಚು ಕೈ ಕೊಯ್ಯದಂತೆ ಕಾಯುತ್ತದೆ, ಸೆರಗು ಜಾರದಂತೆ ಹಿಡಿದಿಡುತ್ತದೆ. ಅಂಗಿ ಹಳೆಯದಾದರೂ ಚಿಂತೆಯಿಲ್ಲ, ಹತ್ತಿಯದ್ದಾಗಿರಲಿ.

ಶಾಲೆ, ಬ್ಯಾಂಕು, ಕಚೇರಿ: ಮೊಣಕೈವರೆಗಿನ ತೋಳಿನ, ಪಕ್ಕ ಸೀಳಿರುವ ಕಾಟನ್ ಕುರ್ತಾ ಮತ್ತು ನೇರ ಪ್ಯಾಂಟ್ ಅಥವಾ ಪಲಾಜೊ. ಸಣ್ಣ ಹೂವಿನ ಅಚ್ಚು ಅಥವಾ ಗೆರೆಗಳಿದ್ದರೆ ಬೆವರಿನ ಕಲೆ, ಮಗು ಮೆತ್ತಿದ ಅನ್ನದ ಕಲೆ ಎದ್ದು ಕಾಣುವುದಿಲ್ಲ. ಎಸಿ ಇರುವ ಕಚೇರಿಯಾದರೆ ಚೀಲದಲ್ಲಿ ತೆಳು ಹತ್ತಿ ಸ್ಟೋಲ್ ಇರಲಿ. ಒಳಗೆ ಹೊದೆಯಲು, ಹೊರಗೆ ತಲೆಗೆ ಸುತ್ತಲು ಎರಡಕ್ಕೂ ಆಗುತ್ತದೆ.

ಕಾರ್ಖಾನೆ, ಹೊಲಿಗೆ ಘಟಕ: ತಿರುಗುವ ಯಂತ್ರದ ಹತ್ತಿರ ತೂಗಾಡುವ ಸೆರಗು, ದುಪಟ್ಟಾ ಎರಡೂ ಅಪಾಯ. ಬಟ್ಟೆ ಸಡಿಲವಾಗಿರಬೇಕು ಎಂಬ ಮಾತಿಗೆ ಇಲ್ಲಿ ಮಾತ್ರ ವಿನಾಯಿತಿ. ಗಿಡ್ಡ ಕುರ್ತಿ, ಮೇಲೆ ಹತ್ತಿಯ ಏಪ್ರನ್ ಅಥವಾ ಕೋಟು ಸುರಕ್ಷಿತ.

ದ್ವಿಚಕ್ರ ವಾಹನದಲ್ಲಿ ಹೋಗುವವರು: ದುಪಟ್ಟಾ ಅಥವಾ ಸೆರಗು ಚಕ್ರಕ್ಕೆ ಸಿಕ್ಕಿ ಆಗುವ ಅಪಘಾತಗಳು ಕಡಿಮೆಯಲ್ಲ. ಎರಡೂ ತುದಿ ಗಂಟು ಹಾಕಿ ಅಥವಾ ಸೊಂಟಕ್ಕೆ ಸಿಕ್ಕಿಸಿ ಹೊರಡಿ. ಬೈಕಿನ ಹಿಂಬದಿ ಕೂರುವವರಿಗೆ ಸೀರೆ ಗಾರ್ಡ್ ಇದೆಯೇ ನೋಡಿಕೊಳ್ಳಿ.

ಹಾಲುಣಿಸುವ ತಾಯಂದಿರು: ಮುಂದೆ ಗುಂಡಿ ಇರುವ ಅಥವಾ ಹೊಲಿಗೆಯಲ್ಲಿ ಜಿಪ್ ಅಡಗಿಸಿದ ಕುರ್ತಿ ಅನುಕೂಲ. ದರ್ಜಿ ಬಳಿ ಹಳೆಯ ಕುರ್ತಿಗೇ ಜಿಪ್ ಹಾಕಿಸಬಹುದು. ಕಾನೂನಿನ ಪ್ರಕಾರ ಹೆರಿಗೆ ಮುಗಿಸಿ ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಸಿಗಬೇಕು. ಬೇಸಿಗೆಯಲ್ಲಿ ಇವರಿಗೆ ನೀರಿನ ಅಗತ್ಯವೂ ಹೆಚ್ಚು.

ಭಾನುವಾರ ಅರ್ಧ ಗಂಟೆ, ವಾರವಿಡೀ ನಿರಾಳ

ದಿನವೂ ಬೆಳಿಗ್ಗೆ ಯೋಚಿಸುವುದಕ್ಕಿಂತ ವಾರಕ್ಕೊಮ್ಮೆ ಯೋಚಿಸುವುದು ಸುಲಭ.

• ಒಂದಕ್ಕೊಂದು ಹೊಂದುವ ನಾಲ್ಕು ಕುರ್ತಾ, ಎರಡು ಪ್ಯಾಂಟ್ (ಒಂದು ಬಿಳಿ ಅಥವಾ ಕೆನೆ ಬಣ್ಣ, ಒಂದು ಗಾಢ ಬಣ್ಣ) ಇದ್ದರೆ ಎಂಟು ಜೋಡಿ ಆಯಿತು.

• ಸೀರೆ ಉಡುವವರು ಹಲವು ಸೀರೆಗೆ ಒಪ್ಪುವ ಎರಡು ಮೂರು ಹತ್ತಿ ರವಿಕೆ ಹೊಲಿಸಿಕೊಳ್ಳಿ. ಕಪ್ಪು, ಕೆಂಪು, ಬಿಳಿ ಅಥವಾ ಗುಳೇದಗುಡ್ಡದ ಖಣದ ರವಿಕೆ ಬಹುತೇಕ ಸೀರೆಗಳಿಗೆ ಹೊಂದುತ್ತದೆ. ಖಣ ಕೊಳ್ಳುವಾಗಲೂ ನೂಲು ಯಾವುದೆಂದು ಕೇಳಿ.

• ಕುರ್ತಾ, ಪ್ಯಾಂಟ್, ಒಳ ಉಡುಪು ಎಲ್ಲವನ್ನೂ ಒಂದೇ ಹ್ಯಾಂಗರ್‌ಗೆ ಅಥವಾ ಒಂದೇ ಮಡಿಕೆಗೆ ಸೇರಿಸಿಡಿ. ಬೆಳಿಗ್ಗೆ ಹುಡುಕಾಟ ತಪ್ಪುತ್ತದೆ.

• ತೊಳೆದ ಹತ್ತಿ ಬಟ್ಟೆಯನ್ನು ಜೋರಾಗಿ ಕೊಡವಿ, ಎಳೆದು ಒಣಹಾಕಿದರೆ ಇಸ್ತ್ರಿಯ ಕೆಲಸ ಅರ್ಧ ಮುಗಿದಂತೆ. ಬಣ್ಣದ ಬಟ್ಟೆಯನ್ನು ಒಳಭಾಗ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ.

• ಬೆವರಿದ ಬಟ್ಟೆಯನ್ನು ತೊಳೆಯದೆ ಮತ್ತೆ ತೊಡಬೇಡಿ. ಬೆವರುಸಾಲೆ, ತುರಿಕೆ ಶುರುವಾಗುವುದೇ ಅಲ್ಲಿಂದ.

ಬಟ್ಟೆಯಷ್ಟೇ ಸಾಲದು

ಎಷ್ಟೇ ಒಳ್ಳೆಯ ಬಟ್ಟೆ ತೊಟ್ಟರೂ ನೀರು ಕುಡಿಯದಿದ್ದರೆ ಬೆವರು ಬರುವುದಾದರೂ ಎಲ್ಲಿಂದ? ಕೆಲಸದ ಜಾಗದಲ್ಲಿ ಶುಚಿಯಾದ ಶೌಚಾಲಯ ಇಲ್ಲ ಎಂಬ ಕಾರಣಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಮಹಿಳೆಯರು ಎಲ್ಲ ಊರುಗಳಲ್ಲಿದ್ದಾರೆ. ಇದು ಉಡುಪಿನಿಂದ ಬಗೆಹರಿಯುವ ಸಮಸ್ಯೆ ಅಲ್ಲ. ಉದ್ಯೋಗ ಕೊಟ್ಟವರು ಶೌಚಾಲಯ ಕಟ್ಟಿಸಬೇಕು, ನೆರಳು ಮಾಡಿಕೊಡಬೇಕು.

ಸಮವಸ್ತ್ರದ ವಿಷಯವೂ ಹಾಗೆಯೇ. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬೆಲೆ ಕಡಿಮೆ ಎಂದು ಹಲವೆಡೆ ಪಾಲಿಯೆಸ್ಟರ್ ಸೀರೆಯನ್ನೇ ಸಮವಸ್ತ್ರ ಮಾಡಲಾಗುತ್ತದೆ. ಅದನ್ನುಟ್ಟು ಬಿಸಿಲಲ್ಲಿ ಮನೆಮನೆ ಸುತ್ತುವವರ ಪಾಡು ಆಯ್ಕೆ ಮಾಡುವವರ ಗಮನಕ್ಕೆ ಬರುವುದಿಲ್ಲ. ಮನಸ್ಸಿದ್ದರೆ ನಿಯಮ ಸಡಿಲಿಸಲು ಸಾಧ್ಯ ಎಂಬುದಕ್ಕೆ ಉದಾಹರಣೆಗಳಿವೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. ಕರ್ನಾಟಕ ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇಟ್ಟುಕೊಂಡಿದೆ. ಅದೇ ಕಾಳಜಿ ಸಮವಸ್ತ್ರದ ಬಟ್ಟೆ ಆರಿಸುವಾಗಲೂ ಇರಬೇಕು. ಈ ಬೇಡಿಕೆಯನ್ನು ಒಬ್ಬರೇ ಕೇಳುವುದಕ್ಕಿಂತ ನಾಲ್ವರು ಸೇರಿ ಬರೆದುಕೊಟ್ಟರೆ ತೂಕ ಹೆಚ್ಚು.

ಈ ಲಕ್ಷಣ ಕಂಡರೆ ತಡಮಾಡಬೇಡಿ

ತಲೆಸುತ್ತು, ವಿಪರೀತ ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಕಾಣಿಸಿದರೆ ಕೂಡಲೇ ನೆರಳಿಗೆ ಬನ್ನಿ. ಬಿಗಿಯಾದ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಿ, ನೀರು ಅಥವಾ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಮಾತು ತೊದಲಿದರೆ, ಗೊಂದಲ ಕಂಡರೆ, ಪ್ರಜ್ಞೆ ತಪ್ಪಿದರೆ ಅದು ತುರ್ತು ಸ್ಥಿತಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಮೈ ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಿ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಆಂಬುಲೆನ್ಸ್‌ಗೆ ಇದೇ ಸಂಖ್ಯೆ.

ಮನೆಯಲ್ಲಿ ಮಗುವಿಗೆ ತೆಳು ಹತ್ತಿ ಜುಬ್ಬಾ, ಅಜ್ಜಿಗೆ ಮೆತ್ತನೆಯ ನೂಲಿನ ಸೀರೆ ಹುಡುಕಿ ತರುವುದು ಅಮ್ಮನೇ. ತನಗೆ ಮಾತ್ರ ಯಾರೋ ಉಡುಗೊರೆ ಕೊಟ್ಟ ಪಾಲಿಯೆಸ್ಟರ್ ಸೀರೆ, 'ಕೆಲಸಕ್ಕೆ ಇಷ್ಟು ಸಾಕು' ಎಂಬ ಮಾತು. ದಿನದ ಎಂಟು ಹತ್ತು ಗಂಟೆ ಮೈಮೇಲಿರುವುದು ಕೆಲಸದ ಬಟ್ಟೆಯೇ ಅಲ್ಲವೇ? ಈ ಬೇಸಿಗೆಯಲ್ಲಿ ಒಳ್ಳೆಯ ಹತ್ತಿ ಬಟ್ಟೆ ಮೊದಲು ಅವಳಿಗೇ ಬರಲಿ.